ಗೇಣುದ್ದದ ದಾರ

ತೆಲಂಗಾಣದ ಗಡಿಯಲ್ಲಿರುವ ಮಕ್ತಲ್‌ನ ಹೊಲಿಗೆ ಕೇಂದ್ರದಲ್ಲಿ ನಾನು ಎರಡು ವರ್ಷ ಕಲಿಸಿದೆ. ಆ ಕೇಂದ್ರವನ್ನು ಯಾರಾದರೂ ನನ್ನೆದುರು ಹೊಗಳಿದರೆ ಇಂದಿಗೂ ಮೈ ಉರಿಯುತ್ತದೆ. ಉರಿಯಲಿ ಬಿಡಿ. ಪ್ರೀತಿಯಿಂದ ನೆನೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ಉದ್ಘಾಟನೆಯ ದಿನ ಶಾಲು ಹೊದ್ದುಕೊಂಡು ಊಟ ಮಾಡಿ ಹೋದವರು.

ಆ ದಿನ ವೇದಿಕೆಯ ಮೇಲೆ ಮೂರು ಕಡೆಯವರು ಕೂತಿದ್ದರು. ಜಿಲ್ಲಾ ಕಚೇರಿಯವರು ಹಳೆಯ ಗೋದಾಮೊಂದನ್ನು ಬಿಟ್ಟುಕೊಟ್ಟಿದ್ದರು. ತರಬೇತಿ ಸಂಸ್ಥೆಯವರು ಹೊಲಿಗೆ ಮಿಷನ್ನುಗಳನ್ನೂ ನನ್ನನ್ನೂ ತಂದಿಟ್ಟಿದ್ದರು. ಮೂರನೆಯವರು ಅಂಗಿ ಹೊಲಿಸಿ ಹೊರದೇಶಕ್ಕೆ ಕಳಿಸುವ ಕಂಪನಿಯವರು. ಮಕ್ತಲ್ ಹೊರಗೆ ಕಾರ್ಖಾನೆ ತೆರೆಯುತ್ತೇವೆ, ಇಲ್ಲಿ ಕಲಿತು ಪಾಸಾದವರನ್ನೆಲ್ಲ ಟೇಲರ್ ಕೆಲಸಕ್ಕೆ ತಗೊಳ್ಳುತ್ತೇವೆ ಎಂದು ಮೈಕಿನಲ್ಲಿ ಮಾತು ಕೊಟ್ಟರು. ಕಾರ್ಖಾನೆಯ ಗೋಡೆಯೇ ಇನ್ನೂ ಎದ್ದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ! ಸ್ಥಳೀಯರಿಗೆ ಕೌಶಲ ಎಂದು ದೊಡ್ಡ ಅಕ್ಷರದ ಬ್ಯಾನರು ಬೇರೆ. ನಾರಾಯಣಪೇಟೆಯಲ್ಲಿ ಸೀರೆ, ಗದ್ವಾಲದಲ್ಲಿ ಸೀರೆ, ಹಳ್ಳಿಹಳ್ಳಿಯಲ್ಲಿ ಕಂಬಳಿ ನೇಯ್ದ ಕೈಗಳಿಗೆ ಕೌಶಲ ಹಂಚಲು ಬಂದಿದ್ದರು ಮಹಾನುಭಾವರು.

ಬೈಯುತ್ತಲೇ ಕೆಲಸಕ್ಕೆ ಸೇರಿದೆ, ಅದನ್ನೂ ಹೇಳಿಬಿಡುತ್ತೇನೆ. ನಾನು ನಾರಾಯಣಪೇಟೆಯ ನೇಕಾರರ ಮನೆಯವಳು. ನಮ್ಮ ಮಗ್ಗ ನಿಂತ ಮೇಲೆ ಹೊಲಿಗೆ ಕಲಿತು ಅದರಲ್ಲೇ ಹೊಟ್ಟೆ ಹೊರೆದವಳು. ನನಗೂ ಸಂಬಳ ಬೇಕಿತ್ತು.

ಎರಡನೇ ವರ್ಷದ ಮೂರು ತಿಂಗಳ ತರಬೇತಿಗೆ ಬಂದ ಇಪ್ಪತ್ತು ಹೆಂಗಸರಲ್ಲಿ ದಾಮರಗಿದ್ದದ ಕಡೆಯ ಒಬ್ಬಳಿದ್ದಳು. ಕುರಿಗಾರರ ಮನೆಯ ಸೊಸೆ. ಮನೆದೇವರು ಬೀರಪ್ಪನ ಆಣೆ ಹಾಕದೆ ಅವಳ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ದೀಪಾವಳಿ ಮುಗಿದರೆ ಅವಳ ಗಂಡ ಮೇಸ್ತ್ರಿಯ ಹಿಂದೆ ಪುಣೆಗೆ ಹೊರಡುತ್ತಿದ್ದ, ಕಟ್ಟಡದ ಕೆಲಸಕ್ಕೆ. ಇವಳೂ ಹೋಗಿ ಕಲ್ಲು, ಸಿಮೆಂಟು ಹೊರಬೇಕು. ಮಗಳನ್ನೂ ಶಾಲೆ ಬಿಡಿಸಿ ಕರೆದೊಯ್ಯಬೇಕು, ಊರಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ.

ಮೊದಲ ವಾರವೇ ನನ್ನ ಹತ್ತಿರ ಬಂದು ನಿಂತಳು. “ಈ ಕೆಲ್ಸ ಸಿಕ್ಕರ ನಾ ಪುಣೆಕ್ಕ ಹೋಗೂದಿಲ್ರೀ ಅಕ್ಕೋರೆ. ನನ್ನ ಮಗಳು ಒಂದ ಸಾಲ್ಯಾಗ ವರ್ಷಪೂರ್ತಿ ಕುಂತಿಲ್ಲ. ಪ್ರತಿ ಸಲ ಬಂದ ಮ್ಯಾಲ ‘ಅ’ದಿಂದ ಸುರು ಮಾಡ್ತಾಳ. ಬೀರಪ್ಪನಾಣಿ, ಒಂದಿನಾನೂ ತಪ್ಪಸೂದಿಲ್ಲ.”

ತಪ್ಪಿಸಲೂ ಇಲ್ಲ. ಮೂರು ತಿಂಗಳು ಬೆಳಗಿನ ಮೊದಲ ಬಸ್ಸಿಗೆ ಬಂದಳು. ಕಾಲರು, ತೋಳು, ಜೇಬು, ಏನು ಕೊಟ್ಟರೂ ಅವಳ ಹೊಲಿಗೆ ಗೆರೆ ಎಳೆದ ಹಾಗೆ ಬರುತ್ತಿತ್ತು. ಗಂಡನ ಮನೆಯಲ್ಲಿ ಕಂಬಳಿ ಮಗ್ಗದ ಮೇಲೆ ಕೂತ ಕೈ ಅದು, ಬೇರೆ ಹೇಗೆ ಬಂದೀತು?

ಆ ಮಗ್ಗದ ಕೈಯೇ ನಮಗೆ ಮುಳುವಾಯಿತು. ನಮ್ಮಲ್ಲಿ ಒಂದು ರೂಢಿಯಿದೆ. ನೇಯ್ದು ಮುಗಿದ ಸೀರೆಯನ್ನು ಮಗ್ಗದಿಂದ ಕೊಯ್ಯುವಾಗ ನೂಲನ್ನು ಪೂರ್ತಿ ಕತ್ತರಿಸುವುದಿಲ್ಲ, ಗೇಣುದ್ದ ಬಿಡುತ್ತೇವೆ. ಮುಂದಿನ ಸೀರೆಯ ಒಂದೊಂದು ಎಳೆಯನ್ನೂ ಆ ಉಳಿದ ಎಳೆಗೇ ಹೊಸೆದು ಕೂಡಿಸಬೇಕು. ಬುಡಕ್ಕೆ ಕತ್ತರಿಸಿದರೆ ಸಾವಿರಾರು ಎಳೆ ಮತ್ತೆ ಮೊದಲಿನಿಂದ ಪೋಣಿಸುತ್ತ ಕೂರಬೇಕು. ಅದಕ್ಕೇ ನಮ್ಮ ಮನೆಗಳಲ್ಲಿ ನೂಲನ್ನು ಬುಡಕ್ಕೆ ಕತ್ತರಿಸಿದವಳಿಗೆ ಬೆನ್ನ ಮೇಲೆ ಗುದ್ದು ಬೀಳುತ್ತಿತ್ತು. ಕಂಬಳಿಯವರಲ್ಲೂ ಇದೇ ರೂಢಿ. ಆ ಇಪ್ಪತ್ತೂ ಹೆಂಗಸರು ಇಂಥ ಮಗ್ಗದ ಮನೆಗಳವರೇ, ಹಾಗಾಗಿ ಅಂಗಿ ಹೊಲಿದು ಮುಗಿಸಿದಾಗಲೂ ಪ್ರತಿ ಹೊಲಿಗೆಯ ತುದಿಯಲ್ಲಿ ಗೇಣುದ್ದ ದಾರ ಬಿಟ್ಟೇ ಕತ್ತರಿ ಹಾಕುತ್ತಿದ್ದರು.

ನಾನು ಒಂದು ದಿನವೂ ಬೇಡ ಅನ್ನಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ, ಯಾಕೆಂದರೆ ನಾನೂ ಹಾಗೇ ಬಿಡುತ್ತೇನೆ. ಪ್ರತಿ ಶನಿವಾರ ಕಂಪನಿಗೆ ಮಾದರಿ ಅಂಗಿಗಳನ್ನು ಕಳಿಸಬೇಕಿತ್ತು. ಆಗ ನಾನೇ ಕತ್ತರಿ ಹಿಡಿದು ಕೂತು ಜೋತಾಡುವ ದಾರಗಳನ್ನೆಲ್ಲ ತೆಗೆದು, ಇಸ್ತ್ರಿ ಮಾಡಿ, ಕಟ್ಟು ಕಟ್ಟುತ್ತಿದ್ದೆ. ಉಂಡ ಮೇಲೆ ತಟ್ಟೆ ತೊಳೆದಿಡುವಂಥ ಕೆಲಸ, ಅದನ್ನೇನು ಕಲಿಸುವುದು ಅಂದುಕೊಂಡಿದ್ದೆ. ಕಂಪನಿಯಿಂದ ಪ್ರತಿ ವಾರ ‘ಉತ್ತಮ’ ಎಂಬ ಚೀಟಿ ಬರುತ್ತಿತ್ತು.

ದೀಪಾವಳಿಗೆ ಹತ್ತು ದಿನ ಇರುವಾಗ ಪರೀಕ್ಷೆ. ಅಷ್ಟರಲ್ಲಿ ಕಾರ್ಖಾನೆಯೂ ಎದ್ದು ನಿಂತಿತ್ತು. ಕಂಪನಿಯ ಅಧಿಕಾರಿ ಹೈದರಾಬಾದಿನಿಂದ ಕಾರಿನಲ್ಲಿ ಬಂದ. ಬಂದವನೇ ಮೂಗಿಗೆ ಕರವಸ್ತ್ರ ಹಿಡಿದ, ಗೋದಾಮಿನಲ್ಲಿ ಮೊದಲು ಹತ್ತಿಬೀಜ ಇಟ್ಟಿದ್ದರು, ಅದರ ವಾಸನೆ. ನಮ್ಮ ಸಂಸ್ಥೆಯ ಸಂಚಾಲಕ ಅವನ ಹಿಂದೆ ಎಳನೀರು ಹಿಡಿದು ತಿರುಗಿದ. ಒಬ್ಬೊಬ್ಬರಿಗೆ ಎರಡು ಅಂಗಿ, ಗಡಿಯಾರ ಇಟ್ಟು ಹೊಲಿಸಿದರು. ಎಲ್ಲರಿಗಿಂತ ಮೊದಲು ಮುಗಿಸಿದವಳು ನಮ್ಮ ದಾಮರಗಿದ್ದದವಳೇ.

ಆತ ಅವಳ ಅಂಗಿ ಎತ್ತಿ ಹಿಡಿದ. ಕಾಲರಿನಿಂದ, ತೋಳಿನಿಂದ, ಅಂಚಿನಿಂದ ಬಿಳಿ ದಾರಗಳು ಜೋತಾಡುತ್ತಿದ್ದವು. “ಏಂದಮ್ಮಾ ಇದಿ?” ಅಂದ ತೆಲುಗಿನಲ್ಲಿ. ಇದೇನಮ್ಮಾ ಅಂತ ಕೇಳಿದ್ದು. ಅವಳು ತೆಲುಗಿನಲ್ಲೇ, ದಾರ ಸಾರ್, ಬಿಟ್ಟಿದ್ದೇನೆ ಅಂದಳು. ದೊಡ್ಡ ಕೆಲಸ ಮಾಡಿದವಳ ಹಾಗೆ ನಗುತ್ತಲೇ ಅಂದಳು. ಆತ ಅಂಗಿಯನ್ನು ಮೇಜಿನ ಮೇಲೆ ಎಸೆದು, ಪಟ್ಟಿಯಲ್ಲಿ ಗೀಟು ಎಳೆದ. ಇನ್ನೊಬ್ಬಳು, ಮತ್ತೊಬ್ಬಳು, ಇಪ್ಪತ್ತೂ ಮಂದಿಗೆ ಇಪ್ಪತ್ತು ಗೀಟು. ಹೊರದೇಶದಲ್ಲಿ ಒಂದು ದಾರ ಜೋತಿದ್ದರೂ ಪೆಟ್ಟಿಗೆಗೆ ಪೆಟ್ಟಿಗೆಯನ್ನೇ ವಾಪಸು ಕಳಿಸುತ್ತಾರೆ ಎಂದ.

ನನಗೆ ತಡೆಯಲಾಗಲಿಲ್ಲ. “ಹೊಲಿಗಿ ನೋಡ್ರೀ ಸಾಹೇಬ್ರ! ನಿಮ್ಮ ಹೈದರಾಬಾದಿನ್ಯಾಗ ಇಂಥಾ ಹೊಲಿಗಿ ಹಾಕವ್ರು ಯಾರದಾರ, ತೋರಸ್ರಿ! ಒಂದ ತಾಸು ಕೊಡ್ರಿ, ದಾರ ಕತ್ತರ್ಸಾಕ ಎಷ್ಟೊತ್ತು ಬೇಕು?”

ಆತ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ತಣ್ಣಗೆ ಕೇಳಿದ, “ಪ್ರತಿ ವಾರ ನೀವು ಕಳಿಸುತ್ತಿದ್ದ ಅಂಗಿಗಳಲ್ಲಿ ಒಂದು ದಾರವೂ ಇರಲಿಲ್ಲವಲ್ಲ. ಅವನ್ನು ಯಾರು ಕತ್ತರಿಸುತ್ತಿದ್ದರು?”

ಇಪ್ಪತ್ತು ಜನ ನನ್ನ ಮುಖ ನೋಡಿದರು. ನನ್ನ ಬಾಯಿಗೆ ಅಂಜಿ ಊರೇ ದಾರಿ ಬಿಡುತ್ತದೆ ಅಂತಾರೆ. ಆ ಬಾಯಿಂದ ಅಂದು ಹೊರಟದ್ದು ಒಂದೇ ಮಾತು. “ನಾನೇ” ಅಂದೆ. ತಪ್ಪು ನನ್ನದು, ಗೀಟು ಅವರ ಮೇಲೆ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು, ಆದರೂ ಅವನ ಮೇಲಿನ ಸಿಟ್ಟು ಒಂದು ಚೂರೂ ಇಳಿಯಲಿಲ್ಲ. ಆತ ಹೇಳಿದ್ದು ಸರಿಯಿತ್ತು, ಅದಕ್ಕೇ ಇನ್ನಷ್ಟು ಏರಿತು.

ಅಷ್ಟಕ್ಕೇ ಮುಗಿಯಲಿಲ್ಲ. ಟೇಲರುಗಳನ್ನು ಬೇರೆ ಊರಿನಿಂದ ಕರೆಸುತ್ತೇವೆ, ಆದರೆ ಅವರು ಹೊಲಿದ ಅಂಗಿಗಳ ದಾರ ಕತ್ತರಿಸಲು ಸಹಾಯಕರು ಬೇಕು, ಇವರು ಬರುವುದಾದರೆ ಬರಲಿ ಎಂದ. ಕೇಳಿದಿರಾ? ದಾರ ಕತ್ತರಿಸಲು ಬರುವುದಿಲ್ಲ ಎಂದು ಟೇಲರ್ ಕೆಲಸ ಕೊಡದವನು, ಅದೇ ಬಾಯಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಕರೆದ! ಸಂಚಾಲಕನ ಮುಖ ಹಬ್ಬದ ದಿನದ ಹಾಗೆ ಅರಳಿತು. “ಉದ್ಯೋಗ ಉದ್ಯೋಗನೇ ಮೇಡಂ. ಇಪ್ಪತ್ತಕ್ಕೆ ಇಪ್ಪತ್ತೂ ಜನರಿಗೆ ಕೆಲಸ ಸಿಕ್ತು ಅಂತ ಬರೀತೀವಿ” ಅಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ. ಆ ಎಳನೀರಿನ ಬುರುಡೆಯನ್ನೇ ಅವನ ತಲೆಗೆ ಹಾಕಬೇಕು ಅನ್ನಿಸಿತು.

“ಯಾರೂ ಸಹಿ ಮಾಡಬ್ಯಾಡ್ರಿ!” ಎಂದು ಕೂಗಿದೆ. “ನೀವು ಟೇಲರ್ ಅದೀರಿ. ಮಂದಿ ಹೊಲ್ದದ್ದರ ಕಸ ತಗಿಯಾಕ ಮೂರು ತಿಂಗಳು ಕಲ್ತೀರೇನು? ಏಳ್ರಿ, ಎಲ್ಲಾರೂ ಹೊರಗ ನಡೀರಿ!” ಹತ್ತು ಹನ್ನೆರಡು ಮಂದಿ ಎದ್ದರು. ಗದ್ವಾಲದವರಿಬ್ಬರು ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟಿದ್ದರು.

ದಾಮರಗಿದ್ದದವಳು ಏಳಲಿಲ್ಲ. ನಾನು ಹೋಗಿ ಅವಳ ರಟ್ಟೆ ಹಿಡಿದೆ. ಮೆತ್ತಗೆ ನನ್ನ ಕೈ ಬಿಡಿಸಿದಳು.

“ಕೆಲ್ಸ ಮಕ್ತಲ್ದಾಗೇ ಐತಲ್ರೀ?”

“ಇದ್ರ ಏನಾತು? ಮರ್ಯಾದಿ ಬ್ಯಾಡೇನು ನಿನಗ?”

“ಸಿಟ್ಟು ನಿಮ್ದೈತ್ರೀ ಅಕ್ಕೋರೆ,” ಅಂದಳು. ದನಿ ಏರಿಸಲಿಲ್ಲ. “ನಿಮ್ಮ ಸಿಟ್ಟಿಗೆ ನನ್ನ ಮಗಳು ಸಾಲಿ ಬಿಡಬೇಕೇನು?”

ಅವತ್ತು ಅವಳು ಬೀರಪ್ಪನ ಆಣೆ ಹಾಕಲಿಲ್ಲ. ಎದ್ದು ನಿಂತ ಕೆಲವರು ಮತ್ತೆ ಕೂತರು. ಸಂಚಾಲಕ ಇಂಗ್ಲಿಷಿನ ಹಾಳೆಯೊಂದನ್ನು ತಂದು ಅವಳ ಮುಂದಿಟ್ಟ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕಡೆ ಚಾಚಿದಳು.

“ಏನು ಬರದಾರ, ಓದ್ರೀ.”

ಓದಿದೆ. ಅವಳ ಹೆಸರು, ಊರು, ಅದರ ಕೆಳಗೆ ಕೆಲಸದ ವರ್ಗ: ಕೌಶಲ ಇಲ್ಲದವರು.

ಮನಸ್ಸಿನಲ್ಲೇ ಎರಡು ಸಲ ಓದಿದೆ. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು.

“ಕೆಲ್ಸ ಕೊಟ್ಟೀವಿ ಅಂತ ಬರದಾರವ್ವಾ,” ಅಂದೆ. “ಇಲ್ಲಿ ಮಾಡು ಸಹಿ.”