ಹೇಳಿದ್ರೆ ಬಿಡ್ತಿದ್ಯೇನಮ್ಮ?

ದೀಪಾವಳಿ ಮುಗಿದ ಮೇಲಿನ ಭಾನುವಾರ. ಪಿಯುಸಿ ಓದುತ್ತಿದ್ದ ನನ್ನ ಮಗ ನವೀನ "ಸ್ಪೆಷಲ್ ಕ್ಲಾಸ್ ಐತಮ್ಮ" ಎಂದು ಬ್ಯಾಗ್ ಏರಿಸಿಕೊಂಡು ಹೋದ. ಮಧ್ಯಾಹ್ನ ಪಕ್ಕದ ಮನೆಯ ಸುಮಾ ಮೊಬೈಲ್ ಹಿಡಿದುಕೊಂಡು ಓಡಿಬಂದಳು.

"ಅಕ್ಕಾ, ಜಡೆ ಊರ ಕಡೆ ಹೋರಿ ಹಬ್ಬದ ಲೈವ್ ಬರ್ತಾ ಐತಿ. ಇವ ನಿಮ್ಮ ನವೀನ ಅಲ್ವೇನ್ರೀ?"

ಅವನೇ. ಬಲೂನು ಕಟ್ಟಿದ ಹೋರಿಯೊಂದು ಜನರ ನಡುವೆ ನುಗ್ಗಿ ಬರುತ್ತಿತ್ತು. ಕಿತ್ತವರಿಗೇ ಸಿಗುವ ಅದರ ಕೊರಳಿನ ಕೊಬ್ಬರಿ ಹಾರಕ್ಕೆ ಕೈ ಹಾಕಿ ನನ್ನ ಮಗ ಜೋತುಬಿದ್ದಿದ್ದ! (ಮನೆಯ ಹಸುವಿಗೆ ಹುಲ್ಲು ಹಾಕೆಂದರೆ ಸೊಂಟ ನೋವೆನ್ನುವ ಪುಣ್ಯಾತ್ಮ.) ಮರುಕ್ಷಣ ಕೆಳಗೆ ಬಿದ್ದ. ಹೋರಿ ಅವನ ಮೇಲೆಯೇ ಹಾದುಹೋಯಿತು. ಆಮೇಲೆ ಬರೀ ಧೂಳು.

ಅವನ ಫೋನ್ ಸ್ವಿಚ್ ಆಫ್. ಶಿಕಾರಿಪುರದಿಂದ ನಾನೂ ಗಂಡನೂ ಬೈಕಿನಲ್ಲಿ ಹೊರಟೆವು. ನಾನು ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತೆ. ಅರ್ಧ ದಾರಿಯಲ್ಲಿ ಅವನ ಗೆಳೆಯನ ಫೋನ್ ಬಂತು. "ಆಂಟಿ, ಸೊರಬದ ಆಸ್ಪತ್ರೆಗೆ ಬರ್ರಿ. ಮಾತಾಡ್ತಾ ಅದಾನೆ."

ಹೆಗಲ ಮೂಳೆ ಮುರಿದಿತ್ತು. ಪಕ್ಕೆಯ ಮೇಲೆ ಗೊರಸಿನ ಗುರುತು. ಅಪ್ಪ ಕಪಾಳಕ್ಕೆ ಬಾರಿಸುತ್ತಾರೆ ಎಂದುಕೊಂಡಿದ್ದೆ. ಅವರು ಮಗನ ತಲೆಗೂದಲಿನ ಧೂಳು ಒರೆಸುತ್ತಾ ನಿಂತುಬಿಟ್ಟರು.

ಕೂಗಾಡಿದ್ದು ನಾನೇ. "ಸುಳ್ಳು ಯಾಕೋ ಹೇಳ್ದೆ?"

"ಹೇಳಿದ್ರೆ ಬಿಡ್ತಿದ್ಯೇನಮ್ಮ?"

ನನ್ನ ಬಾಯಲ್ಲಿ ಸದಾ ಇದೇ: ಬೈಕ್ ಬೇಡ, ಕೆರೆಯಲ್ಲಿ ಈಜು ಬೇಡ, ಆ ಗೆಳೆಯರು ಬೇಡ. ನನ್ನ ಬೇಡಗಳಿಂದ ಅವನು ಯಾವುದನ್ನೂ ಬಿಟ್ಟಿರಲಿಲ್ಲ, ಮುಚ್ಚಿಡುವುದನ್ನು ಕಲಿತಿದ್ದ ಅಷ್ಟೇ. ಗೆಳೆಯ ಹೇಳಿದ ಮಾತು ಇನ್ನೂ ಚುಚ್ಚುತ್ತದೆ: "ಮನೀಗೆ ಫೋನ್ ಮಾಡಬ್ಯಾಡ್ರಲೇ, ಅಮ್ಮಂಗೆ ಗೊತ್ತಾಗ್ತೈತಿ ಅಂತ ಅಳ್ತಿದ್ದ ಆಂಟಿ. ಅದಕ್ಕೇ ತಡ ಆತು." ಉಸಿರಾಡಲೂ ನೋಯುವ ಹೊತ್ತಿನಲ್ಲಿ! ನನ್ನ ಮಗ ಹೋರಿಗೆ ಹೆದರಿರಲಿಲ್ಲ. ನನಗೆ ಹೆದರಿದ್ದ.

"ಇನ್ಮೇಲೆ ಏನೇ ಮಾಡು, ಹೇಳಿ ಮಾಡು" ಎಂದೆ. ಅವನು ತಲೆಯಾಡಿಸಿದ. ಮೂಳೆ ಕೂಡಿತು. ವರ್ಷವೂ ಉರುಳಿತು. ಈಗ ಡಿಗ್ರಿ ಕಾಲೇಜು, ಚಿಗುರು ಮೀಸೆ, ಅಪ್ಪನಿಗಿಂತ ಎತ್ತರ.

ಮೊನ್ನೆ ಅಡುಗೆಮನೆ ಬಾಗಿಲಿಗೆ ಬಂದು ನಿಂತ. "ಅಮ್ಮಾ, ಈ ಸಲಾನೂ ಹೋರಿ ಹಿಡಿಯಾಕೆ ಹೋಗ್ತೀನಿ. ಹೇಳಿ ಮಾಡು ಅಂದಿದ್ಯಲ್ಲ, ಅದಕ್ಕೇ ಹೇಳ್ತಾ ಇದೀನಿ."

ಹೆಂಚಿನ ಮೇಲಿನ ದೋಸೆ ಸೀದುಹೋಯಿತು. ಬೇಡವೆಂದರೆ ಮತ್ತೆ ಸ್ಪೆಷಲ್ ಕ್ಲಾಸ್ ಶುರು. ಹೋಗು ಎನ್ನಲು ಯಾವ ತಾಯಿಗೆ ಬಾಯಿ ಬರುತ್ತದೆ? "ಯೋಚನೆ ಮಾಡಿ ಹೇಳ್ತೀನಿ ತಡಿ" ಎಂದೆ. ಪಾಪ, ಅವನು ಇನ್ನೂ ಕಾಯುತ್ತಿದ್ದಾನೆ.

ನಂಬಿ ನಿಜ ಹೇಳಿದ ಮಗನಿಗೆ ಏನು ಹೇಳಲಿ, ನೀವೇ ಹೇಳಿ?