ಅಜ್ಜ ಕೇಳಿದ ಪ್ರಶ್ನೆ, ಅಜ್ಜಿ ಕೊಟ್ಟ ಉತ್ತರ

ಇವತ್ತು ಪುತ್ತೂರಿನಲ್ಲಿ ಹಿರಿಯರಿಗೊಂದು ತರಗತಿ ಇತ್ತು. ಹಿಂದಿನ ದಿನ ನಡೆದದ್ದನ್ನು ದಿನವೂ ನೆನಪಿಸಿಕೊಂಡರೆ ಮೆದುಳು ಚುರುಕಾಗಿರುತ್ತದಂತೆ. ಮನೆಯವರೇ ಒಬ್ಬರನ್ನೊಬ್ಬರು ಪರೀಕ್ಷಿಸಬೇಕಂತೆ. ಕೇಳಿದ್ದೇ ತಡ, ಇಚಿಲಂಪಾಡಿಯ ನನ್ನ ಅಜ್ಜನ ಮೇಲಿದ್ದ ಹಳೆಯ ಸಿಟ್ಟು ನೆತ್ತಿಗೇರಿತು.

ನಾನು ಸಣ್ಣವಳಿದ್ದಾಗ ಅಜ್ಜ ಅನ್ನಕ್ಕೆ ಮಜ್ಜಿಗೆ ಕಲಸುತ್ತಾ, ಬಡಿಸುತ್ತಿದ್ದ ಅಜ್ಜಿಯನ್ನು ಎಲ್ಲರೆದುರು ಪರೀಕ್ಷಿಸುತ್ತಿದ್ದರು. "ಮೊನ್ನೆ ಯಾರು ಬಂದದ್ದು? ಎಂತ ಪದಾರ್ಥ ಮಾಡಿದ್ದು?" ದಿನವಿಡೀ ದುಡಿದ ಅಜ್ಜಿ ತಡವರಿಸಿದರೆ, "ಇವಳ ತಲೆಯಲ್ಲಿ ಎಂತದೂ ಇಲ್ಲ" ಎಂದು ನಗುತ್ತಿದ್ದರು. ಜೊತೆಗೆ ನೆಂಟರೂ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಒಂದು ದಿನ ಅಜ್ಜಿ ಸೌಟು ಕೆಳಗಿಟ್ಟರು.

"ನನ್ನ ಅಮ್ಮ ತೀರಿಹೋದ ದಿನ, ಅಡಿಗೆ ಮಾಡಿಟ್ಟು ಹೋಗು ಅಂದದ್ದು ನೀವು. ನಾನು ಹೋಗಿ ಮುಟ್ಟುವಾಗ ಚಿತೆ ಉರಿದು ಆಗಿತ್ತು. ಮುಖ ನೋಡ್ಲಿಕ್ಕೆ ಸಿಗ್ಲಿಲ್ಲ. ಅವತ್ತು ಮಾಡಿದ್ದು ಸೌತೆಕಾಯಿ ಸಾಂಬಾರು. ಅದಕ್ಕೆ ಉಪ್ಪು ಕಮ್ಮಿ ಅಂತ ಬೈದದ್ದೂ ನೀವೇ. ಇನ್ನು ಎಂತ ಹೇಳ್ಬೇಕು?"

ಅಜ್ಜ ಅರ್ಧ ಊಟದಲ್ಲೇ ಕೈತೊಳೆದರು. ಆಮೇಲೆ ಎಂದೂ ಪ್ರಶ್ನೆ ಕೇಳಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ.

ತರಗತಿ ಮುಗಿಸಿ ಬರುವಾಗ ನನ್ನ ಗಂಡ ಉತ್ಸಾಹದಿಂದ ಹೇಳಿದರು, "ನಾಳೆಯಿಂದ ನಾನು ನಿನ್ನನ್ನು ಕೇಳುದು, ಆಯ್ತಾ?"

"ಬೇಡ" ಅಂದೆ.