ಬಳಿ ಬೇರೆಯಾಗಿದ್ದರೂ

ಕೊರೊನಾ ಕಳೆದ ಮರುವರ್ಷದ ಮಾತು. ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಜೆನೆಟಿಕ್ ಕೌನ್ಸೆಲರ್ ಆಗಿದ್ದೆ. ವಂಶವಾಹಿಗಳಿಂದ ಬರುವ ಕಾಯಿಲೆಗಳ ಬಗ್ಗೆ ದಂಪತಿಗಳಿಗೆ ತಿಳಿಸಿ ಹೇಳುವುದು ನನ್ನ ಕೆಲಸ, ತೀರ್ಮಾನ ಅವರದ್ದು. ಆ ತೀರ್ಮಾನದಲ್ಲಿ ಎಷ್ಟು ಜನ ಪಾಲುದಾರರು ಎಂದು ಗೊತ್ತಾದದ್ದು ನಿಶ್ಮಿತಾ ಬಂದಾಗ. ಹೆಸರುಗಳನ್ನು ಬದಲಿಸಿದ್ದೇನೆ.

ನಿಶ್ಮಿತಾ ಬಜಪೆಯ ತುಳು ಮನೆತನದ ಹುಡುಗಿ, ಬ್ಯಾಂಕ್ ಉದ್ಯೋಗಿ. ರಕ್ತ ಕಡಿಮೆ ಇದೆಯೆಂದು ಪರೀಕ್ಷಿಸಿದಾಗ ಅವಳು ಥಲಸ್ಸೇಮಿಯಾ ಕ್ಯಾರಿಯರ್ ಎಂದು ತಿಳಿದಿತ್ತು. ದೋಷವಿರುವ ಒಂದು ಜೀನ್ ಇದ್ದೂ ಆರೋಗ್ಯವಾಗಿರುವವರು ಕ್ಯಾರಿಯರ್. ಗಂಡ ಹೆಂಡತಿ ಇಬ್ಬರೂ ಕ್ಯಾರಿಯರ್ ಆದರೆ, ಜೀವನವಿಡೀ ರಕ್ತ ಹಾಕಿಸಬೇಕಾದ ಕಾಯಿಲೆ ಮಗುವಿಗೆ ಬರುವ ಸಾಧ್ಯತೆ ಪ್ರತಿ ಸಲವೂ ನಾಲ್ಕರಲ್ಲಿ ಒಂದು. ಅವಳ ಜೊತೆ ನಿಶ್ಚಿತಾರ್ಥವಾಗಿದ್ದ ಸಚಿನ್ ಮಸ್ಕತ್‌ನಿಂದ ರಜೆಗೆ ಬಂದವನೇ ತಾನೂ ಪರೀಕ್ಷೆಗೆ ರಕ್ತ ಕೊಟ್ಟ. ಅವನೂ ಕ್ಯಾರಿಯರ್.

ಇಬ್ಬರನ್ನೂ ಕೂರಿಸಿ ಇರುವ ದಾರಿಗಳನ್ನು ವಿವರಿಸಿದೆ. ಮೂರನೇ ತಿಂಗಳಲ್ಲಿ ಭ್ರೂಣದ ಪರೀಕ್ಷೆ ಮಾಡಿಸಿ, ಕಾಯಿಲೆ ಇದ್ದರೆ ಗರ್ಭವನ್ನು ಮುಂದುವರಿಸಬೇಕೋ ಬೇಡವೋ ಎಂದು ಯೋಚಿಸಬಹುದು, ದತ್ತು ತೆಗೆದುಕೊಳ್ಳಬಹುದು, ಮಕ್ಕಳೇ ಬೇಡ ಎನ್ನಲೂಬಹುದು. ಸಚಿನ್ ಕೇಳಿದ್ದು ಒಂದೇ.

"ನಾವಿಬ್ರು ಒಟ್ಟಿಗೆ ಇರ್ಲಿಕ್ಕೆ ಎಂತ ತೊಂದರೆ ಇಲ್ಲ ಅಲ್ವಾ ಮೇಡಂ?"

ಏನೂ ಇಲ್ಲ ಎಂದೆ. ಪರೀಕ್ಷೆ ಮಾಡಿಸುವುದೆಂದು ನಿಶ್ಮಿತಾ ಆಗಲೇ ನಿಶ್ಚಯಿಸಿಯಾಗಿತ್ತು. ಸಚಿನ್‌ನ ಕೆನ್ನೆಯ ಗುಳಿ ಮಗುವಿಗೆ ಬರುವುದು ಎಷ್ಟರಲ್ಲಿ ಎಷ್ಟು ಎಂದು ನನ್ನನ್ನೇ ತಮಾಷೆ ಮಾಡಿದಳು.

ನಿಶ್ಮಿತಾಳಿಂದಲೇ ವಿಷಯ ತಿಳಿದು, ಮರುವಾರ ಅವಳ ಸೋದರಮಾವ ಬಂದರು. ತುಳುವರಲ್ಲಿ ಬಳಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬಳಿಯವರು ಒಡಹುಟ್ಟಿದವರ ಹಾಗೆ. ಅವರಲ್ಲಿ ಮದುವೆ ಕೂಡದು. ಇವರಿಬ್ಬರ ಬಳಿ ಬೇರೆ ಬೇರೆ ಎಂದು ವಿಚಾರಿಸಿಯೇ ಹಿರಿಯರು ಸಂಬಂಧ ಕೂಡಿಸಿದ್ದರು.

"ಒಂದೇ ದೋಷ ಇಬ್ಬರಲ್ಲೂ ಉಂಟು ಅಂದ್ರೆ ಹಿಂದೆ ಎಲ್ಲೋ ಬಳಿ ಒಂದೇ ಇತ್ತು ಅಂತ ಆಯ್ತಲ್ಲ," ಎಂದರು. "ಅಣ್ಣ ತಂಗಿಗೆ ಮದುವೆ ಮಾಡ್ಲಿಕ್ಕೆ ಆಗ್ತದಾ ಮೇಡಂ?"

ನನಗೆ ಸಿಟ್ಟು ನೆತ್ತಿಗೇರಿತ್ತು. ನುಂಗಿಕೊಂಡು, ಬಳಿ ತಾಯಿಯಿಂದ ಮಾತ್ರ, ಜೀನ್ ತಂದೆಯಿಂದಲೂ ಬರುತ್ತದೆ, ಮುಖ ನೋಡದ ಪರದೇಶದವನಲ್ಲೂ ಇದೇ ದೋಷ ಇರಬಹುದು ಎಂದೆಲ್ಲ ವಿವರಿಸಿದೆ. ಅವರು ಎಲ್ಲದಕ್ಕೂ ತಲೆಯಾಡಿಸಿ, ಕೈಮುಗಿದು ಹೋದರು. ಕಾಯಿಲೆಗೆ ಹೆದರಿದ್ದರೆ ಧೈರ್ಯ ಹೇಳಬಹುದಿತ್ತು, ಆದರೆ ಅವರು ಹೆದರಿದ್ದು ಪಾಪಕ್ಕೆ. ತಂದೆ ತೀರಿದ ಮೇಲೆ ನಿಶ್ಮಿತಾಳನ್ನು ಸಾಕಿ ಓದಿಸಿದವರು ಆ ಮಾವನೇ. ಅವರ ಮಾತು ಮೀರಲು ಅವಳಿಂದಾಗಲಿಲ್ಲ. ಸಂಬಂಧ ಮುರಿಯಿತು.

ಎರಡು ವರ್ಷದ ನಂತರ ಅವಳು ಗರ್ಭಿಣಿಯಾಗಿ ಬಂದಳು. ಜೊತೆಗೆ ಗಂಡ, ಬಂದರಿನಲ್ಲಿ ಸಗಟು ಅಂಗಡಿ ಇಟ್ಟಿರುವ ಸಜ್ಜನ. ಅವರು ಕ್ಯಾರಿಯರ್ ಅಲ್ಲ, ಮಗುವಿಗೆ ಆ ಕಾಯಿಲೆಯ ಭಯವಿಲ್ಲ. ಸಂತೋಷದ ಸುದ್ದಿ ಎಂದು ಅಭಿನಂದಿಸಿದೆ. ಅವರು ಕಾರು ತರಲು ಹೋದರು. ನಿಶ್ಮಿತಾ ಎದ್ದವಳು ಮತ್ತೆ ಕುಳಿತಳು.

"ಸಚಿನ್‌ಗೆ ಮದುವೆ ಆಯ್ತಂತೆ. ಅವರ ಮಗುವಿಗೆ ಎಂತ ತೊಂದರೆ ಇಲ್ಲ ಅಲ್ವಾ?"

ಸಚಿನ್ ತನ್ನ ಹೆಂಡತಿಯನ್ನು ಪರೀಕ್ಷೆಗೆ ನಮ್ಮಲ್ಲಿಗೇ ಕರೆತಂದಿದ್ದರಿಂದ ನನಗೆ ಗೊತ್ತಿತ್ತು. ಆದರೆ ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ. ಹಾಗೆಂದೇ ಹೇಳಿದೆ. ಅವಳು ಬ್ಯಾಗ್ ತೆಗೆದುಕೊಂಡು ಎದ್ದಳು.

"ಬೇಡ ಬಿಡಿ. ಮಗು ನನ್ನದೂ ಅವರದ್ದೂ ಆಗಿದ್ರೆ ಹೇಳ್ತಿದ್ರಿ."

ಅಂದಿನಿಂದ ರಕ್ತ ತೆಗೆಸುವ ಮೊದಲೇ, ನಿಮ್ಮ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಕೇಳಿ ಅವರನ್ನೂ ಕರೆಸುತ್ತೇನೆ. ಇನ್ನೊಂದನ್ನೂ ಕಲಿತೆ. ಫಲಿತಾಂಶ ಎಷ್ಟೇ ಚೆನ್ನಾಗಿದ್ದರೂ ಸಂತೋಷದ ಸುದ್ದಿ ಎಂದು ನಾನಾಗಿ ಹೇಳುವುದಿಲ್ಲ. ನಾರ್ಮಲ್ ಎನ್ನುತ್ತೇನೆ, ಅಷ್ಟೇ.